ಹುಣಸೆಹಣ್ಣಿನ ಅಡ್ಡಿ ದಾಟಿ ಕೋಟಿ ಸೂರ್ಯರನ್ನು ಹಿಡಿದದ್ದು

ಮಳೆಗಾಲಕ್ಕೆ ಹದಿನೈದೇ ದಿನ ಉಳಿದಿದ್ದ, ಚಂದ್ರನೂ ರಜೆ ಹಾಕಿದ್ದ ಆ ವೈಶಾಖದ ಅಮಾವಾಸ್ಯೆಯನ್ನು ಹಾಡುತ್ತೇನೆ. ನಾಲ್ಕಿಂಚಿನ ದೂರದರ್ಶಕವನ್ನೇ ಗಾಂಡೀವವೆಂದು ಬಗೆದ, ಸೊಳ್ಳೆಸೈನ್ಯಮರ್ದನ, ಧಾರವಾಡದ ತಾರಸಿಚಕ್ರವರ್ತಿ, ರಸಾಯನಶಾಸ್ತ್ರದ ಅಧ್ಯಾಪಕ ಶಂಭುಲಿಂಗ ಹೊಸಕೇರಿಯನ್ನು ಹಾಡುತ್ತೇನೆ. ವಾಗ್ದೇವಿಯೇ, ಕೊರಳಿಗೆ ಬಾ. ನೆರೆಯವರು ಎಚ್ಚರವಾಗಿದ್ದಾರೆ, ಮೆಲ್ಲಗೆ ಬಾ.

ದಕ್ಷಿಣದ ನೀರಿನ ಟ್ಯಾಂಕುಗಳ ಮೇಲೆ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ ಏರಿತ್ತು: ಕೋಟಿ ಸೂರ್ಯರು ಒಂದೇ ಮುಷ್ಟಿಯಲ್ಲಿ ಒತ್ತಿಕೊಂಡ ಬೆಳಕಿನ ಉಂಡೆ. ಹದಿನೇಳು ಸಾವಿರ ವರ್ಷ ನಡೆದು ಬಂದ ಆ ಬೆಳಕನ್ನು ಸೆರೆಹಿಡಿಯುವೆನೆಂದು ಅವನು ಕಾಲೇಜಿನಲ್ಲಿ ಪ್ರತಿಜ್ಞೆ ಮಾಡಿ ಮೂರು ಬೇಸಿಗೆ ಕಳೆದಿದ್ದವು. ವಿಭಾಗದ ಗೋಡೆಯಲ್ಲಿ ಚೌಕಟ್ಟು ಸಿದ್ಧವಿತ್ತು, ಅಡಿಯಲ್ಲಿ ಅವನ ಹೆಸರೂ ಇತ್ತು, ಚಿತ್ರವೊಂದೇ ಇರಲಿಲ್ಲ. ಇಂದು ತಪ್ಪಿದರೆ ಮುಂದಿನ ವರ್ಷ.

ಫೋಕಸ್ ಕೂಡಿಸಲು ದೂರದರ್ಶಕದ ಬಾಯಿಗೆ ಸೀಳುಸೀಳಾದ ಮುಚ್ಚಳ ತೊಡಿಸುತ್ತಾರೆ. ಆಗ ನಕ್ಷತ್ರ ಬೆಳಕಿನ ಆರು ಮುಳ್ಳು ಚಾಚುತ್ತದೆ. ಮುಳ್ಳುಗಳು ಸಮನಾಗಿ ಕೂಡಿದರೆ ಫೋಕಸ್ ಸಿದ್ಧಿಸಿತು, ಮುಚ್ಚಳ ತೆಗೆಯಬೇಕು. ಅವನ ವಜ್ರಬಾಹು ಮುಚ್ಚಳದತ್ತ ಚಾಚಿದ ಆ ಕ್ಷಣದಲ್ಲೇ ಪಕ್ಕದ ತಾರಸಿಯಲ್ಲಿ ನೂರು ವ್ಯಾಟಿನ ಬಲ್ಬು ಪ್ರಳಯಭಾಸ್ಕರನಂತೆ ಹೊತ್ತಿತು. ಅದರಡಿ ಹುಣಸೆಪರ್ವತಪಾರ್ಶ್ವವಾಸಿನಿ ನೀಲವ್ವ ಕೂತು, ಹಗಲಿನ ಬಿಸಿಲಿಗಂಜಿ ಉಳಿಸಿಕೊಂಡಿದ್ದ ಹಣ್ಣಿನ ಬೀಜ ಬಿಡಿಸತೊಡಗಿದಳು.

ವೀರನು ಗೋಡೆಯ ಬಳಿಗೆ ಧಾವಿಸಿದ. ಅವನ ಎದೆಯೊಳಗೆ ಎದ್ದ ಮಾತು ಇದು: ಎಲೌ ತಿಮಿರದ್ವೇಷಿಣಿ, ಆಕಾಶಗಂಗೆಯ ಅಂಚಿನಿಂದ ಬರುವ ಅತಿಥಿಗೆ ಅಡ್ಡಗಟ್ಟಿ ನಿಂತವಳು ಯಾರು, ಉಸುರು! ಬಾಯಿಂದ ಹೊರಟದ್ದು ಇದು: "ಅಕ್ಕಾರ, ಆ ಲೈಟ್ ಒಂದ್ ತಾಸು ಬಂದ್ ಮಾಡ್ತೀರೇನ್ರಿ?"

"ಅಲ್ಲೋ ತಮ್ಮಾ, ನಿನ್ ಆಕಾಶದ ಚಿಕ್ಕಿ ಎಲ್ಲಿ ಓಡಿ ಹೊಕ್ಕಾವ? ನನ್ ಹುಣಚಿಹಣ್ಣು ನಾಳಿಗೆ ಬಿರಸಾಗ್ತದ. ಅಷ್ಟ್ ಅವಸರ ಇದ್ರ ಬಾ, ಕೂಡು."

ಬೇರೆ ಸಂಧಿಗೆ ಅವಳು ಒಪ್ಪಲಿಲ್ಲ. ಗೋಡೆ ಹಾರಿದ ಮಹಾರಥಿ ಕಾಲು ಮಡಚಿ ಕೂತು, ಮುಕ್ಕಾಲು ತಾಸು ಬೀಜಗಳೊಡನೆ ಕಾದಾಡಿದ. ಒಂದೊಂದನ್ನು ಕಿತ್ತಾಗಲೂ ಒಂದೊಂದು ಸೂರ್ಯನನ್ನು ಬಿಡಿಸಿದಂತೆ ಹಿಗ್ಗಿದ. ರಾಶಿ ಮುಗಿಯಿತು, ಬಲ್ಬು ಆರಿತು, ಕತ್ತಲೆ ಜಯಘೋಷದಂತೆ ಬಂದಿತು. ಅಂಟುಗೈಯಲ್ಲೇ ಹಿಂದಿರುಗಿ, ದೂರದರ್ಶಕಕ್ಕೆ ಕಟ್ಟಿದ್ದ ಕ್ಯಾಮೆರಾದ ಪರದೆಯ ಬೆಳಕೂ ಶತ್ರುವೆಂದು ಅದನ್ನು ಆರಿಸಿ, ಇನ್ನೂರು ಚಿತ್ರ ಹೊಡೆದ. ನಡುವೆ ಎರಡು ಸಲ ಯಾರಿಗೂ ಕಾಣದಂತೆ ಕುಣಿದ.

ಬೆಳಿಗ್ಗೆ ಕಂಪ್ಯೂಟರಿನಲ್ಲಿ ನೋಡಿದ. ಮುಚ್ಚಳ ತೆಗೆದಿರಲಿಲ್ಲ.

ಇನ್ನೂರರಲ್ಲೂ ಪ್ರತಿ ನಕ್ಷತ್ರಕ್ಕೂ ಆರಾರು ಮುಳ್ಳು. ಮುಳ್ಳಿನೊಳಗೆ ಮುಳ್ಳು ಹೆಣೆದು ಕೋಟಿ ಸೂರ್ಯರು ಮುಳ್ಳುಹಂದಿಯಾಗಿ ಮಲಗಿದ್ದರು. ಫೋಕಸ್ ಮಾತ್ರ ಪರಿಪೂರ್ಣವಾಗಿತ್ತು. ಪಾಲಿನ ಹುಣಸೆಹಣ್ಣು ಕೊಡಲು ಬಂದ ನೀಲವ್ವ ಪರದೆಗೆ ಮೂಗು ತಾಗುವಷ್ಟು ಬಾಗಿದಳು.

"ಎಷ್ಟ್ ಚಂದ ಅದನೋ. ಇದಕ್ಕ ಎಷ್ಟ್ ಚುಕ್ಕಿ ಇಡಬೇಕು?"

"ಒಂದ್ ಕೋಟಿ, ಅಕ್ಕಾರ."

"ಹದಿನೈದರಾಗ ಹೊಂದಸ್ತೀನಿ ಬಿಡು."

ಶುಕ್ರವಾರ ಬೆಳಗಿನ ಆರಕ್ಕೆ ಒಮೆಗಾ ಸೆಂಟಾರಿ ಅವಳ ಬಾಗಿಲ ಮುಂದೆ ರಂಗೋಲಿಪುಡಿಯಲ್ಲಿ ಉದಯಿಸಿತು. ಆರೂ ಕಾಲಿಗೆ ಹಾಲಿನವನ ಸೈಕಲ್ಲು ಅದರ ನಟ್ಟನಡುವೆ ಹಾಯ್ದುಹೋಯಿತು.