ನೀಲಕಂಠಪ್ಪನ ಗಲ್ಲಿಗೆ ಪೇವ್‌ಮೆಂಟ್ ಸರ್ವೆ

ಸಾಂತಾಕ್ರೂಜಿನ ತನ್ನ ಗಲ್ಲಿಯ ತುದಿಯಲ್ಲಿ ನೀಲಕಂಠಪ್ಪ ಅಂಟಿಸಿದ್ದ ನೋಟೀಸಿನಲ್ಲಿ ಇದ್ದದ್ದು ಒಂದೇ ಸಾಲು: ‘ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪೇವ್‌ಮೆಂಟ್ ಸರ್ವೆ. ಸಹಕರಿಸಿ.’

ಉಪನಗರದ ರಸ್ತೆಗಳು ಎಷ್ಟು ಕೆಟ್ಟಿವೆ ಎಂದು ಅಳೆಯಲು ಒಂದು ಕಚೇರಿ ಗುತ್ತಿಗೆದಾರರನ್ನು ಗೊತ್ತುಮಾಡಿತ್ತು. ಆ ಕಚೇರಿಯಲ್ಲಿ ಗುತ್ತಿಗೆಯ ಕಾಗದಪತ್ರ ನೋಡುವ ಗುಮಾಸ್ತ ನೀಲಕಂಠಪ್ಪ. ಸರ್ವೆಯ ಪಟ್ಟಿಯ ಕೊನೆಗೆ ತನ್ನ ಗಲ್ಲಿಯನ್ನೂ ಸೇರಿಸಿದ್ದ. ಹೆಚ್ಚು ಕೆಟ್ಟ ರಸ್ತೆಗೆ ಮೊದಲು ರಿಪೇರಿ. ಹೆಂಡತಿ ರಾಚವ್ವ ಮನೆ ಮುಂದಿನ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡು ಇಪ್ಪತ್ತು ದಿನವಾಗಿತ್ತು.

“ಪ್ಲಾಸ್ಟರ್ ತಗಿಯೂದರೊಳಗ ಈ ರಸ್ತಾ ಆಗಬೇಕು ನೋಡ್ರಿ,” ಎಂದು ಆಕೆ ಗಡುವು ಕೊಟ್ಟಿದ್ದಳು.

ಗುರುವಾರ ಹತ್ತೂವರೆಗೆ ಕೆಳಗಿಳಿದ ನೀಲಕಂಠಪ್ಪನಿಗೆ ರಸ್ತೆಯೇ ಕಾಣಲಿಲ್ಲ. ಫುಟ್‌ಪಾತು ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು. ಅದರ ಮೇಲಿದ್ದ ಸ್ಕೂಟರು, ಹೂಕುಂಡ, ಸುಂದ್ರವ್ವನ ತರಕಾರಿ ಬುಟ್ಟಿ, ಐತನ ಚಹಾ ಗಾಡಿ ಎಲ್ಲವೂ ರಸ್ತೆ ನಡುವೆ ಜಾತ್ರೆ ಹೂಡಿದ್ದವು.

“ಇದೇನ್ ಮಾಡೀರೋ?”

ಸೊಸೈಟಿ ಸೆಕ್ರೆಟರಿ ಅಮೋಲ್ ಎದೆಯುಬ್ಬಿಸಿದ. “ಕಾಕಾ, ಪೇವ್‌ಮೆಂಟ್ ಅಂದ್ರೆ ಫುಟ್‌ಪಾತ್ ನಾ? ಅತಿಕ್ರಮಣ ಎತ್ತೋ ಗಾಡಿ ಬರ್ತದೆ ಅಂತ ಎಲ್ಲಾ ತೆಗೆಸಿದೆ. ಏಕ್‌ದಮ್ ಸಾಫ್!”

“ಅಯ್ಯೋ ತಮ್ಮಾ, ನಮ್ಮ ಆಫೀಸಿನ್ಯಾಗ ಪೇವ್‌ಮೆಂಟ್ ಅಂದ್ರ ರಸ್ತಾನ! ಡಾಂಬರು!”

“ಸ್ಕೂಲಲ್ಲಿ ಹಾಗೆ ಕಲಿಸ್ಲಿಲ್ಲ.”

“ನಾನು ಗಾಡಿ ಪುನಃ ಫುಟ್‌ಪಾತಿಗೆ ತರುದಿಲ್ಲ ಮಾರಾಯ್ರೆ,” ಎಂದ ಐತ. “ಹೋದ ಸರ್ತಿ ಎತ್ಕೊಂಡು ಹೋದ ಗಾಡಿಯ ಒಂದು ಚಕ್ರವೂ ವಾಪಸ್ ಬರ್ಲಿಲ್ಲ.”

ಅಷ್ಟರಲ್ಲಿ ಗುತ್ತಿಗೆದಾರರ ಇಂಜಿನಿಯರ್ ಮಾಧುರಿಯ ಫೋನು: “ಸರ್, ಹತ್ತು ನಿಮಿಷದಲ್ಲಿ ಬರ್ತೀವಿ. ಒಂದೇ ರೌಂಡು. ಆಮೇಲೆ ಅಂಧೇರಿಗೆ ಹೋಗ್ಬೇಕು.”

ನೀಲಕಂಠಪ್ಪ ತಾನೇ ಬುಟ್ಟಿ ಹೊತ್ತ. “ಟೊಮ್ಯಾಟೊ ಮ್ಯಾಲ ಕುಂಬಳಕಾಯಿ ಇಡಬ್ಯಾಡ್ರೀ ಸಾಹೇಬ್ರ!” ಎಂದು ಸುಂದ್ರವ್ವ ಹಿಂದೆ ಓಡಿದಳು. ಕೊನೆಗೆ ಆತ ಹೂಕುಂಡದ ಪಕ್ಕ ನಿಂತು ಕೂಗಿದ: “ಗುಂಡಿ ಕಂಡ್ರ ಹೊಸಾ ರಸ್ತಾ ಸಿಗತೈತಿ! ಗುಂಡಿ ತೋರಸ್ರಿ!”

ಈ ಮಾತು ಎಲ್ಲರಿಗೂ ಅರ್ಥವಾಯಿತು, ಸ್ವಲ್ಪ ಹೆಚ್ಚೇ ಅರ್ಥವಾಯಿತು. ಗಾಡಿ, ಸ್ಕೂಟರು ಕ್ಷಣದಲ್ಲಿ ಮಾಯ. ಐತ ಗುಂಡಿಗಳಿಗೆ ತುಂಬಿದ್ದ ಕಲ್ಲು ಕಿತ್ತ. ಅಮೋಲ್ ಸಲಾಕೆ ತಂದು ಅಂಚಿನ ಸಡಿಲ ಡಾಂಬರನ್ನೂ ಎಬ್ಬಿಸಿದ. “ಕಾಕಾ, ಇನ್ನೂ ಚೆಂದ ಕಾಣ್ತದೆ!” ಸುಂದ್ರವ್ವ ಕಸಬರಿಗೆ ಹಿಡಿದು ಚೂರುಗಳನ್ನೆಲ್ಲ ಮೂಲೆಗೆ ಗುಡಿಸಿದಳು. ತಡೆಯಬೇಕೆನ್ನುವಷ್ಟರಲ್ಲಿ ಕ್ಯಾಮೆರಾ ಹೊತ್ತ ವ್ಯಾನು ಬಂದೇಬಿಟ್ಟಿತು. ಬ್ಯಾಂಡಿನ ಮುಂದೆ ಕುಣಿಯುವ ಮದುಮಗನ ಸೋದರಮಾವನಂತೆ ಎಡಕ್ಕೂ ಬಲಕ್ಕೂ ವಾಲುತ್ತ ಗಲ್ಲಿ ದಾಟಿತು.

ಮಾಧುರಿ ಸೊಂಟ ಹಿಡಿದುಕೊಂಡು ಇಳಿದಳು. “ಸರ್, ಇಡೀ ಪಟ್ಟಿಯಲ್ಲಿ ಇಷ್ಟು ಕೆಟ್ಟದ್ದು ಇನ್ನೊಂದಿಲ್ಲ.”

ಗಲ್ಲಿ ಚಪ್ಪಾಳೆ ತಟ್ಟಿತು. ಕಿಟಕಿಯಿಂದ ರಾಚವ್ವ ಊರುಗೋಲು ಎತ್ತಿ ಆಡಿಸಿದಳು.

“ಅದಕ್ಕೇ ಇದನ್ನ ಪಟ್ಟಿಯಿಂದ ತೆಗೀತಿದೀನಿ,” ಎಂದಳು ಮಾಧುರಿ. “ಡಾಂಬರು ಅರ್ಧಕ್ಕಿಂತ ಕಡಿಮೆ ಉಳಿದಿದ್ರೆ ಅದು ಪೇವ್‌ಮೆಂಟೇ ಅಲ್ಲ, ಕಚ್ಚಾ ದಾರಿ. ಇಲ್ಲಿ ನಲವತ್ತೇಳು ಪರ್ಸೆಂಟು.”

“ಯಾವ ಶಾಣ್ಯಾ ಮಾಡಿದ ರೂಲು ಅದು?” ಅಮೋಲ್ ಗುಡುಗಿದ.

ಮಾಧುರಿ ಕರಾರಿನ ಹದಿನಾಲ್ಕನೇ ಕಲಮು ತೆರೆದು ಅವನ ಕೈಗೆ ಕೊಟ್ಟಳು. ಅಮೋಲ್ ತುಟಿಯಾಡಿಸುತ್ತ ಕೆಳಗೆ ‘ಕರಡು ತಯಾರಿಸಿದವರು’ ಎಂಬಲ್ಲಿನ ಸಹಿವರೆಗೂ ಓದಿದ. ಆಮೇಲೆ ಇಡೀ ಗಲ್ಲಿಗೆ ಕೇಳುವಂತೆ ಕೇಳಿದ:

“ಕಾಕಾ, ನಿಮ್ಮ ಆಫೀಸಲ್ಲಿ ಇನ್ನೊಬ್ರು ನೀಲಕಂಠಪ್ಪ ಇದ್ದಾರಾ?”