ಬರಿಮೈ ದೇವರುಗಳು, ಅಂಜನಮ್ಮನ ಸೀರೆ

ಹಿಂದೆ, ಬಲು ಹಿಂದೆ, ಬಟ್ಟೆ ಅನ್ನೋದೇ ಹುಟ್ಟಿರದ ಕಾಲದಲ್ಲಿ ದೇವಲೋಕದವರೂ ಬರಿಮೈಯಲ್ಲೇ ಓಡಾಡುತ್ತಿದ್ದರಂತೆ. ನಾಚಿಕೆ ತಡೆಯಲಾರದೆ ಶಿವನ ಮೊರೆಹೊಕ್ಕಾಗ ಆತ ಒಬ್ಬ ನೇಕಾರನನ್ನು ಹುಟ್ಟಿಸಿ, "ಇವರ ಮಾನ ಇನ್ನು ನಿನ್ನ ಕೈಲಿ" ಅಂದನಂತೆ. ಆ ನೇಕಾರನ ವಂಶದವರು ಈಗಲೂ ದೊಡ್ಡಬಳ್ಳಾಪುರದಲ್ಲಿದ್ದಾರೆ.

ಅವರಲ್ಲೊಬ್ಬ ಲಕ್ಷ್ಮಣಪ್ಪ. ಊರ ಮದುವಣಗಿತ್ತಿಯರಿಗೆಲ್ಲ ರೇಷ್ಮೆ ಸೀರೆ ನೇಯ್ದವನು, ಮದುವೆಯಾದ ಹೊಸತರಲ್ಲಿ ಹೆಂಡತಿ ಅಂಜನಮ್ಮನಿಗೆ ಮಾತು ಕೊಟ್ಟಿದ್ದ ಒಂದು ಸೀರೆಯನ್ನು ಮಾತ್ರ ಕೊಟ್ಟಿರಲಿಲ್ಲ. ನೇಯ್ದಾಗಲೆಲ್ಲ ಯಾರಾದರೂ ಅವಸರದ ಗಿರಾಕಿ ಬಂದು ಕೈ ಮುಗಿಯುತ್ತಿದ್ದರು, ಸೀರೆ ಅವರ ಪಾಲಾಗುತ್ತಿತ್ತು.

"ನಾಳೆ ಸಂಜೆ ನೆಲಮಂಗಲದಲ್ಲಿ ನಮ್ಮಣ್ಣನ ಮಗಳ ಆರತಕ್ಷತೆ," ಅಂಜನಮ್ಮ ಮಗ್ಗದ ಮುಂದೆ ಕೈ ಮುಗಿದಳು. "ನೇಕಾರ್ನ ಹೆಂಡ್ತಿ ಪಾಲಿಸ್ಟರ್ ಉಟ್ಕೊಂಡು ಹೋದ್ರೆ ಮಾನ ಹೋಗೋದು ನಿಮ್ದೇ."

ಲಕ್ಷ್ಮಣಪ್ಪನಿಗೂ ಚುರುಕ್ಕೆಂದಿತು. ಸೆಕೆಗೆ ಅಂಗಿ ಬಿಚ್ಚಿ, ಮಗ್ಗದಲ್ಲಿ ಅರ್ಧ ನೇಯ್ದಿದ್ದ ಸೀರೆಯ ಮುಂದೆ ಕೂತ. ಅಂಜನಮ್ಮ ಹೂ ತರಲು ಪೇಟೆಗೆ ಹೋಗುವಷ್ಟರಲ್ಲಿ ಸೆರಗಿನ ಕೊನೆಗೆ ಬಂದಿದ್ದ.

ಆಗಲೇ ತಾರಸಿಯ ಮೇಲೆ ದಢ್ ಅಂತು. ಬೋರಲು ಹಾಕಿದ ಬಾಣಲೆಯಂಥದ್ದೊಂದು ಬಂದು ಕೂತಿತ್ತು. ಮೆಟ್ಟಿಲಿಳಿದು ಮೂವರು ಬಂದರು. ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ತೆಗೆದಂಥ ಮೈ, ಹಣೆಯಲ್ಲಿ ಮೂರನೆಯದೊಂದು ಕಣ್ಣು. ಮೈಮೇಲೆ ಒಂದೆಳೆ ದಾರವಿಲ್ಲ.

ಸದ್ದಿಗೆ ಬೀದಿಯವರೆಲ್ಲ ಬಾಗಿಲಿಗೆ ಓಡಿಬಂದರು. ಪಕ್ಕದ ಮನೆಯ ರುಕ್ಮಿಣಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು, ನೋಡಲು ಬೇಕಾದಷ್ಟು ಸಂದಿ ಬಿಟ್ಟು. "ಶಿವ ಶಿವಾ! ಮೂರು ಕಣ್ಣು! ದೇವ್ರು ಕಣೋ ಲಕ್ಷ್ಮಣಾ! ಬರಿಮೈಲಿ ನಿನ್ನ ಮನೇಗೇ ಬಂದವ್ರೆ ಅಂದ್ರೆ ಇನ್ನೇನಕ್ಕೆ ಬಂದಾರು?"

"ಮಗ್ಗದಿಂದ ಕೊಯ್ಯಿ ಗುರು ಆ ಸೀರೆ," ಎಂದ ಎದುರುಮನೆ ಕೆಂಪರಾಜು.

"ಅದು ನನ್ನ ಹೆಂಡ್ತೀದು ಕಣೋ. ನಿಮ್ಮನೇದು ಏನಾದ್ರೂ..."

"ನಮ್ಮನೇಲಿರೋದು ಲುಂಗಿ. ದೇವ್ರಿಗೆ ಲುಂಗಿ ಉಡಿಸ್ತೀಯಾ? ಇಡೀ ಕುಲದ ಮಾನ ಹೋಯ್ತದೆ!"

ಲಕ್ಷ್ಮಣಪ್ಪ ಕಣ್ಮುಚ್ಚಿ ಕತ್ತರಿ ಹಾಕಿದ. ಸೀರೆಯನ್ನು ಮೂವರಿಗೂ ಸೇರಿಸಿ ಸುತ್ತಿದ. ಮೂರು ತಲೆಯ ಮದುವಣಗಿತ್ತಿ ನಿಂತಂತಾಯಿತು. ಕಾಲಿಗೆ ಬೀಳಲು ಬಗ್ಗಿದರೆ, ಅವರೂ ಬಗ್ಗಿದರು. ಹಣೆಗೆ ಹಣೆ ಢಬ್ಬೆಂದಿತು.

"ನೀನು ನಮ್ ಕಾಲಿಗೆ ಬೀಳೋದಾ ತಂದೇ?" ಎಂದಿತು ನಡುವಿನದು, ಥೇಟ್ ಆ ಬೀದಿಯ ಕನ್ನಡದಲ್ಲಿ. "ಮೇಲಿಂದ ನೋಡ್ತಾನೇ ಇದ್ವಿ, ನಿಮ್ಮ ಮಾತೂ ಕಲ್ತ್ವಿ. ಜನ ಬಂದು ನಿನ್ನ ಮುಂದೆ ಕೈ ಮುಗೀತಾರೆ. ನೀನು ತಲೆ ಎತ್ತಲ್ಲ, 'ಆಗ್ಲಿ, ನೋಡಾಣ' ಅಂತೀಯ. ದೇವ್ರು ನೀನೇ ಅಂತ ಗೊತ್ತಾಯ್ತು. ನಿಮ್ಮೋರು ಗುಡಿಗೆ ಅಂಗಿ ಬಿಚ್ಚಿ ಹೋಗ್ತಾರಲ್ಲ, ನಾವೂ ಎಲ್ಲಾ ಬಿಚ್ಚಿ ಮೇಲಿಟ್ಟು ಬಂದ್ವಿ."

ಬೀದಿಯೆಲ್ಲ ಲಕ್ಷ್ಮಣಪ್ಪನ ಬೆವರಿದ ಹೊಟ್ಟೆಯನ್ನು ನೋಡಿತು. ಬಾಗಿಲಲ್ಲಿ ಹೂವಿನ ಪೊಟ್ಟಣ ಹಿಡಿದು ಅಂಜನಮ್ಮ ನಿಂತಿದ್ದಳು.

"ಭಯ ಇತ್ತಪ್ಪಾ," ಎಂದಿತು ಇನ್ನೊಂದು, ಅವಳತ್ತ ಕೈ ತೋರಿಸಿ. "ಈ ತಾಯಿ ದಿನಾ ಕೈ ಮುಗಿದು ಒಂದೇ ಒಂದು ಸೀರೆ ಕೇಳ್ತಿತ್ತು, ನೀನು ಕರಗ್ಲೇ ಇಲ್ಲ. ನಾವಿನ್ನೂ ಬಾಯೇ ಬಿಟ್ಟಿರ್ಲಿಲ್ಲ, ಕೊಟ್ಬಿಟ್ಟೆ!"

ಲಕ್ಷ್ಮಣಪ್ಪನಿಗೆ ಲಾಳಿಯೊಳಗೆ ಹೊಕ್ಕು ಕೂರೋಣ ಅನ್ನಿಸಿತು. "ಆ ಸೀರೆ ವಾಪಸ್ ಕೊಟ್ರೆ..." ಎಂದು ತೊದಲಿದ.

"ಪ್ರಸಾದ ಯಾರಾದ್ರೂ ವಾಪಸ್ ಕೊಡ್ತಾರಾ?" ಎನ್ನುತ್ತ ಅವರು ಸೀರೆಯನ್ನು ಕಣ್ಣಿಗೊತ್ತಿಕೊಂಡು ಹಾರಿಹೋದರು.

ಅಂಜನಮ್ಮ ಹೂವಿನ ಪೊಟ್ಟಣವನ್ನು ಮಗ್ಗದ ಮೇಲಿಟ್ಟು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಮಗ್ಗಕ್ಕೆ ಕಟ್ಟಿದ ಹಾಸಿನಲ್ಲಿ ಇನ್ನೊಂದು ಸೀರೆಗಾಗುವಷ್ಟು ನೂಲಿತ್ತು. ಲಕ್ಷ್ಮಣಪ್ಪ ತಲೆ ತಗ್ಗಿಸಿ ಮತ್ತೆ ಕೂತ, ರಾತ್ರಿಯಿಡೀ ಏಳಲಿಲ್ಲ.

ಮರುದಿನ ಮಧ್ಯಾಹ್ನ ಸೆರಗು ಮುಗಿಯುತ್ತಿದ್ದಂತೆ ತಾರಸಿಯ ಮೇಲೆ ದಢ್ ದಢ್ ದಢ್. ಕೇಳುವ ಮುಂಚೆಯೇ ವರ ಕೊಡುವ ದೇವರ ಸುದ್ದಿ ಮೇಲೆಲ್ಲ ಹಬ್ಬಿತ್ತು. ಮೆಟ್ಟಿಲಿಂದ ಬೀದಿಯ ತಿರುವಿನವರೆಗೂ ನೀಲಿ ಭಕ್ತರು, ಒಬ್ಬರ ಮೈಮೇಲೂ ಬಟ್ಟೆಯಿಲ್ಲ.

"ಲಕ್ಷ್ಮಣಾ, ಮುದುಕ್ರೂ ಬಂದವ್ರೆ ಕಣೋ, ಪಾಪ," ರುಕ್ಮಿಣಮ್ಮ ಶುರುಮಾಡಿದರು.

ಅಂಜನಮ್ಮ ಬಾಗಿಲಿಗೆ ಅಡ್ಡ ನಿಂತಳು. "ಸಾಲಲ್ಲಿ ನಿಂತ್ಕೊಳ್ರಪ್ಪಾ! ಎಲ್ರಿಗಿಂತ ಮೊದ್ಲು ಬಂದೋಳು ನಾನು."

ಲಕ್ಷ್ಮಣಪ್ಪ ಸೀರೆಯನ್ನು ಕೊಯ್ದು, ಮುಖ ನೋಡುವ ಧೈರ್ಯವಿಲ್ಲದೆ, ಅವಳ ಕೈಗಿಟ್ಟ. ಅವಳು ಒಳಗೆ ಹೋಗಿ ಉಟ್ಟು ಬಂದಳು. ಬೀದಿ ಬಾಯಿ ತೆರೆದು ನೋಡಿತು.

"ನಾನೂ ಬರ್ಲಾ?" ಕೇಳಿದ ಲಕ್ಷ್ಮಣಪ್ಪ, ಅಂಗಿಗೆ ಕೈ ಚಾಚುತ್ತ.

"ಇಷ್ಟು ಜನ ಭಕ್ತರನ್ನ ಬಿಟ್ಟು ದೇವ್ರು ಎಲ್ಲಿಗೆ ಹೋಯ್ತದೆ?" ಎಂದು, ನೆರಿಗೆ ಎತ್ತಿ ಹಿಡಿದು ಅಂಜನಮ್ಮ ಬಸ್‌ಸ್ಟ್ಯಾಂಡಿನತ್ತ ನಡೆದಳು.