ಗಿಡುಗ ಪಡೆಯ ಎರಡು ಗರಿಗಳು

ನಾಟಕ ಕಂಪನಿಯ ಮಾನ್ಯ ಮಾಲೀಕರೇ,

ತಮಗೂ, ತಮ್ಮ ರಾಜರು, ಮಂತ್ರಿಗಳು, ಸೇನಾಪತಿಗಳು ಹಾಗೂ ಬಾಗಿಲಲ್ಲಿ ಟಿಕೆಟ್ ಹರಿಯುವವರಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಮ್ಮ ಒಂದು ನಾಟಕವನ್ನೂ ನೋಡದ ನಾನು ಹನ್ನೊಂದು ವರ್ಷ ತಮ್ಮ ಕಲೆಗೆ ಮರುಳಾಗಿದ್ದೆನೆಂದು ಅರಿಕೆ ಮಾಡಿಕೊಳ್ಳಲು ಈ ಬಹಿರಂಗ ಪತ್ರ.

ನಾನು ಕನ್ನಡಕದ ಅಂಗಡಿಯವನು. ಊರವರ ಕಣ್ಣು ನೋಡಿ ಹೊಟ್ಟೆ ಹೊರೆಯುತ್ತೇನೆ. ಹವ್ಯಾಸವೆಂದರೆ ಹಳೆಯ ಸೈನ್ಯಗಳ ಸಮವಸ್ತ್ರದ ಬಿಲ್ಲೆ, ಗುಂಡಿ, ಭುಜಪಟ್ಟಿಗಳನ್ನು ಕೂಡಿಡುವುದು. ಹನ್ನೊಂದು ವರ್ಷದ ಹಿಂದೆ ಗುಜರಿ ಅಂಗಡಿಯ ತಗಡಿನ ಡಬ್ಬಿಯಲ್ಲಿ, ನೀಲಿ ಉಣ್ಣೆ ಬಟ್ಟೆಯ ಮೇಲೆ ಜರಿ ದಾರದಲ್ಲಿ ಗಿಡುಗವನ್ನು ಕಸೂತಿ ಹಾಕಿದ್ದ ಭುಜಪಟ್ಟಿಯೊಂದು ಸಿಕ್ಕಿತು. ಎಡ ರೆಕ್ಕೆಗೆ ಏಳು ಗರಿ, ಬಲ ರೆಕ್ಕೆಗೆ ಐದೇ. ಅಂಥದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಪುಸ್ತಕದಲ್ಲಿ ಇಲ್ಲವೆಂದರೆ ಬೇರೆಯವರಿಗೆ ಅನುಮಾನ ಬರುತ್ತದೆ, ಸಂಗ್ರಾಹಕ ಕುಣಿದಾಡುತ್ತಾನೆ.

ಕುಣಿದು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಮೂವತ್ತೆರಡು ಪುಟಗಳ ಪ್ರಬಂಧ ಬರೆದು, ಆ ಪಟ್ಟಿ ತೊಟ್ಟಿದ್ದ ಸೈನ್ಯಕ್ಕೆ 'ಗಿಡುಗ ಪಡೆ' ಎಂದು ನಾನೇ ನಾಮಕರಣ ಮಾಡಿ, ನದಿ ದಾಟಲು ಹಿಂಜರಿದ ತಪ್ಪಿಗೆ ಅರಸನು ಆ ಪಡೆಯ ಲಾಂಛನದಿಂದ ಎರಡು ಗರಿ ಕೀಳಿಸಿದನೆಂದು ಅಡಿಟಿಪ್ಪಣಿಗಳ ಸಮೇತ ಸಾಧಿಸಿದೆ. ಅದನ್ನು ಮೆಚ್ಚಿ ನಮ್ಮ ಸಂಗ್ರಾಹಕರ ಸಂಘ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿತು. ಅಂದಿನಿಂದ ಇತರರ ಸಂಗ್ರಹದಲ್ಲಿ ನಕಲಿ ಹೆಕ್ಕುವುದು, ಹೊಸಬರಿಗೆ ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಬುದ್ಧಿ ಹೇಳುವುದೇ ನನ್ನ ಕೆಲಸವಾಯಿತು.

ಕಳೆದ ವಾರ ಗ್ರಂಥಾಲಯದ ಸಭಾಂಗಣದಲ್ಲಿ ನಮ್ಮ ಪ್ರದರ್ಶನವಿದ್ದಾಗ, ತಮ್ಮಲ್ಲಿ ನಲವತ್ತು ವರ್ಷ ವೇಷಭೂಷಣ ಹೊಲಿದು ನಿವೃತ್ತರಾದ ಅಜ್ಜಿಯೊಬ್ಬರು ಬಂದರು. ಗಿಡುಗದ ಭುಜಪಟ್ಟಿಯಿದ್ದ ಪೆಟ್ಟಿಗೆಯ ಗಾಜಿಗೆ ಮೂಗು ತಾಗಿಸಿ ನೋಡಿ, ಪಕ್ಕದಲ್ಲಿದ್ದ ನನಗೆ, "ಇದು ನಾನು ಹೊಲಿದದ್ದಲ್ವಾ? ಎರಡನೇ ಅಂಕದಲ್ಲಿ ಸಾಯೋ ಸೇನಾಪತೀದು. ಬಲಗಡೆ ರೆಕ್ಕೆಗೆ ಬರೋ ಹೊತ್ತಿಗೆ ಜರಿ ಮುಗಿದುಹೋಯ್ತು, ಪರದೆ ಏಳೋಕೆ ಹತ್ತೇ ನಿಮಿಷ ಇತ್ತು" ಎಂದರು. ಗಟ್ಟಿಯಾಗಿರಲೆಂದು ಅಸ್ತರಿನೊಳಗೆ ನಾಟಕದ ಕರಪತ್ರ ಮಡಚಿಟ್ಟಿದ್ದನ್ನೂ ಹೇಳಿದರು. ಮನೆಗೆ ಬಂದು ಅಸ್ತರು ಬಿಚ್ಚಿದರೆ ಕರಪತ್ರ ಇತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮುಸುರೆ ಬಾನಿಗೆ ಬಿತ್ತು. ನನಗೆ ಬಹಳ ನಾಚಿಕೆಯಾಯಿತು.

ಮಾನ್ಯರೇ, ತಮ್ಮ ಮೇಲೆ ನನ್ನ ಆರೋಪ ಇಷ್ಟೇ: ಸುಳ್ಳು ಸಾಮಾನನ್ನು ತಾವು ಇಷ್ಟು ಚೆನ್ನಾಗಿ ಮಾಡಿಸಬಾರದಿತ್ತು. ನಿಜವಾದ ಸೈನ್ಯಗಳ ಎಷ್ಟೋ ಭುಜಪಟ್ಟಿಗಳು ನನ್ನ ಬೀರುವಿನಲ್ಲಿ ದಾರ ಬಿಟ್ಟುಕೊಂಡು ಬಿದ್ದಿವೆ. ತಮ್ಮ ಸೇನಾಪತಿಯದರಲ್ಲಿ ಒಂದೆಳೆಯೂ ಸಡಿಲವಾಗಿಲ್ಲ. ದಿನವೂ ಸತ್ತು ಮರುದಿನ ಎದ್ದು ಬರಬೇಕಾದವರ ಬಟ್ಟೆ ಗಟ್ಟಿಯಾಗಿರಲೇಬೇಕೆಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಆದ್ದರಿಂದ ತಾವು ದಯಮಾಡಿ ಗಿಡುಗ ಪಡೆಯನ್ನು ಹಿಂದಿನ ದಿನಾಂಕದಿಂದ, ಸುಮಾರು ನೂರೈವತ್ತು ವರ್ಷ ಹಿಂದಕ್ಕೆ, ಸ್ಥಾಪಿಸಿಕೊಡಬೇಕು. ಇನ್ನೂರು ಜನ, ಹಿಂಜರಿಯಲು ಒಂದು ನದಿ, ಮುಂಗೋಪದ ಒಬ್ಬ ಅರಸ ಇದ್ದರೆ ಸಾಕು. ಅರಸರಿಗೆ ತಮ್ಮಲ್ಲಿ ಬರವಿಲ್ಲ. ಭಾನುವಾರದೊಳಗೆ ಆದರೆ ಉಪಕಾರ, ಏಕೆಂದರೆ ಅಂದಿನ ವಾರ್ಷಿಕ ಸಭೆಯಲ್ಲಿ ನನ್ನ ಪ್ರಬಂಧವನ್ನು ಸಂಘದ ವತಿಯಿಂದ ಪುಸ್ತಕವಾಗಿ ಅಚ್ಚು ಹಾಕಿಸುವ ನಿರ್ಣಯವಿದೆ.

ಅಜ್ಜಿಯ ಮಾತು ಬೇರೆ ಯಾರ ಕಿವಿಗೂ ಬಿದ್ದಿರಲಿಲ್ಲ, ಮುಚ್ಚಿಹಾಕಬಹುದಿತ್ತು. ಅಸ್ತರನ್ನು ಮತ್ತೆ ಹೊಲಿಯಲು ಸೂಜಿ ಕೇಳಿದಾಗ ನನ್ನ ಹೆಂಡತಿ, "ಹೇಳಿದ್ರೆ ಒಂದು ದಿನ ನಗ್ತಾರೆ. ಹೇಳದೇ ಇದ್ರೆ ನೀವು ದಿನಾ ಹೆದರ್ತೀರಿ" ಎಂದು ಸೂಜಿಡಬ್ಬಿಯನ್ನು ಎತ್ತಿಟ್ಟಳು. ಕುರ್ಚಿಯ ಆಸೆ ನನಗೆ ಇನ್ನೂ ಇದೆ. ಆದರೂ ತಾವು ಪಡೆಯನ್ನು ಕಳುಹಿಸದಿದ್ದಲ್ಲಿ ಈ ಪತ್ರವನ್ನೇ ಅಧ್ಯಕ್ಷ ಭಾಷಣವಾಗಿ ಓದಿ ಕೆಳಗಿಳಿಯುತ್ತೇನೆ.

ತಮ್ಮ ಸೇನಾಪತಿಗೆ ಹನ್ನೊಂದು ವರ್ಷ ನಿಷ್ಠನಾಗಿದ್ದ,
ತಮ್ಮ ವಿಶ್ವಾಸಿ,
ಸಂಘದ ಅಧ್ಯಕ್ಷ (ಭಾನುವಾರದವರೆಗೆ)

ತಾ.ಕ.: ಪತ್ರದ ಪ್ರತಿಯನ್ನು ಸದಸ್ಯರಿಗೆ ಮುಂಚಿತವಾಗಿ ಹಂಚಿದೆ. ನಗುತ್ತಾರೆಂದುಕೊಂಡಿದ್ದೆ, ಇದುವರೆಗೆ ಒಬ್ಬರೂ ನಕ್ಕಿಲ್ಲ. ಆರು ಜನ ಬೇರೆಬೇರೆಯಾಗಿ ನನ್ನ ಅಂಗಡಿಗೆ ಬಂದು, ಉಳಿದವರಿಗೆ ಹೇಳಕೂಡದೆಂದು ಆಣೆ ಹಾಕಿಸಿ, ಅಜ್ಜಿಯ ಮನೆಯ ವಿಳಾಸ ಕೇಳಿದ್ದಾರೆ. ನಲವತ್ತು ವರ್ಷಗಳಲ್ಲಿ ಅಜ್ಜಿ ಹೊಲಿದದ್ದರ ಪೂರ್ತಿ ಪಟ್ಟಿಯನ್ನು ದಯವಿಟ್ಟು ಏಳು ಪ್ರತಿಗಳಲ್ಲಿ ಕಳುಹಿಸಿಕೊಡಿ. ಏಳನೆಯದು ನನಗೇ ಬೇಕು.